ಡಬ್ಬಿಗೊಂದು ‘ಲು’

ತೆಲುಗು ಕಲಿಯುವುದು ನೀರು ಕುಡಿದಷ್ಟು ಸುಲಭವೆಂದು ಯಾರೋ ಪುಣ್ಯಾತ್ಮರು ವೇದವತಿಯ ತಲೆಗೆ ತುಂಬಿದ್ದರು. ಕನ್ನಡದ ಮಾತಿಗೆ ಕೊನೆಯಲ್ಲೊಂದು ‘ಲು’ ಅಂಟಿಸಿದರೆ ಮುಗಿಯಿತಂತೆ! ನಂಜನಗೂಡಿನಿಂದ ತೆಲುಗು ನಾಡಿನ ಗಾಜುವಾಕಕ್ಕೆ ಬಂದ ಮೇಲೆ ಅವಳು ಆ ‘ಲು’ವನ್ನೇ ನಂಬಿಕೊಂಡು ತರಕಾರಿ ಕೊಳ್ಳುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾತಾಡಲು ಯಾರೂ ಇರಲಿಲ್ಲ. ಗಂಡ ರಾಮಚಂದ್ರ ನೌಕಾಪಡೆಯವನು. ಹಡಗು ಹತ್ತಿದನೆಂದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ವಠಾರದ ಹೆಂಗಸರು ಎದುರಾದರೆ ನಗುತ್ತಿದ್ದರು, ಅಷ್ಟೆ. ಒಬ್ಬರೂ ಅವಳ ಹೊಸ್ತಿಲು ದಾಟಿರಲಿಲ್ಲ. ದಸರೆಗೂ ಹೀಗೇ ಆದರೆ ಹಬ್ಬ ಮುಗಿದ ಮಾರನೆಯ ದಿನವೇ ತವರಿಗೆ ಹೊರಟುಬಿಡುವುದೆಂದು ಅವಳು ಗಟ್ಟಿಮಾಡಿಕೊಂಡಿದ್ದಳು. ಸಾಕಾಗಿಹೋಗಿತ್ತು.

ಆದರೂ ಬೊಂಬೆ ಕೂರಿಸದೆ ಅದೆಂಥ ದಸರೆ? ಬೊಂಬೆಗಳೆಲ್ಲ ಅತ್ತೆಯ ಮನೆಯ ಅಟ್ಟದಲ್ಲಿದ್ದವು. ವೇದವತಿ ಖಾಲಿಯಾದ ಪೌಡರ್ ಡಬ್ಬಿಯೊಂದನ್ನು ಒರೆಸಿ, ಹಳೆಯ ಸೀರೆಯ ಜರಿ ಅಂಚು ಸುತ್ತಿ, ಮೇಲೊಂದು ಫಿಲಂ ರೋಲಿನ ಡಬ್ಬಿ ಕೂರಿಸಿ ಕಣ್ಣು ಮೂಗು ಬರೆದಳು. ಪಟ್ಟದ ರಾಣಿ ತಯಾರು! ಬೂಟ್ ಪಾಲಿಶ್ ಡಬ್ಬಿಗಳಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಅವು ಎತ್ತಿನಗಾಡಿಯ ಗಾಲಿಗಳಾದವು. ತಲೆನೋವಿನ ಮುಲಾಮಿನ ಶೀಶೆ ನೀರಿನ ಕೊಡವಾಯಿತು. ಅಲ್ಲಿಗೆ ಮನೆಯ ಸರಕು ಮುಗಿಯಿತು. ರಾಣಿಗೆ ರಾಜನಿಲ್ಲ, ರಾಜ್ಯಕ್ಕೆ ಪ್ರಜೆಗಳಿಲ್ಲ.

ಧೈರ್ಯ ಮಾಡಿ ಕೆಳಗಿನ ಮನೆಯ ಗಂಗಾಭವಾನಿಯವರ ಬಾಗಿಲು ತಟ್ಟಿದಳು. ಡಬ್ಬಿಗೆ ‘ಲು’ ಸೇರಿಸಿ, ನಾಲಿಗೆಗೆ ಹಗುರಾಗಲೆಂದು ‘ಡಬ್ಬುಲು’ ಮಾಡಿಕೊಂಡೇ ಹೋಗಿದ್ದಳು.

“ಏಮಂಡಿ, ಡಬ್ಬುಲು ಉಂಟೇ ಇವ್ವಂಡಿ.” ಇದ್ದರೆ ಕೊಡಿ ಎಂದು ಕೇಳಿದಳು.

ಆ ಹಿರಿಯ ಹೆಂಗಸು ಗಾಬರಿಯಾದರು. “ಎಂತ ಕಾವಾಲಮ್ಮಾ?”

ಎಷ್ಟು ಬೇಕೆಂದು ಕೇಳುತ್ತಿದ್ದಾರೆ, ಎಂಥ ದೊಡ್ಡ ಮನಸ್ಸು! ವೇದವತಿ ಹಿಗ್ಗಿದಳು. “ಚಿನ್ನವೈನಾ ಚಾಲು,” ಚಿಕ್ಕವಾದರೂ ಸಾಕು ಎಂದಳು. ಅಷ್ಟಕ್ಕೇ ಬಿಡದೆ ಅಕ್ಕಪಕ್ಕದ ಮನೆಗಳಲ್ಲೂ ಅದನ್ನೇ ಕೇಳಿಬಂದಳು. ಎಲ್ಲರೂ ಮುಖ ಮುಖ ನೋಡಿದರೇ ಹೊರತು ಒಂದು ಡಬ್ಬಿಯೂ ಕೈಗೆ ಬರಲಿಲ್ಲ. ಬಿಸಾಡುವ ಡಬ್ಬಿಗೂ ಇಷ್ಟು ಜಿಪುಣತನವೇ ಎಂದು ಅವಳಿಗೆ ಅಳು ಬಂತು.

ಸಂಜೆ ಯಾರೋ ಬಾಗಿಲು ಬಡಿದರು. ಗಂಗಾಭವಾನಿ ನಿಂತಿದ್ದರು, ಹಿಂದೆ ಎದುರುಮನೆಯ ವಿಜಯಲಕ್ಷ್ಮಿ. ವಿಜಯಲಕ್ಷ್ಮಿಯ ಕೈಯಲ್ಲಿ ಪಾತ್ರೆ ತುಂಬ ಅಕ್ಕಿ. ಗಂಗಾಭವಾನಿ ಮಡಚಿದ ನೋಟುಗಳನ್ನು ವೇದವತಿಯ ಅಂಗೈಗೆ ತುರುಕಿ ಬೆರಳು ಮುಚ್ಚಿಸಿದರು. ಗಂಡನ ಸಂಬಳ ಬಂದಿಲ್ಲವೇನೋ, ನಾಚಿಕೊಳ್ಳಬೇಡ, ನಾವಿಲ್ಲವೇ ಎಂದು ತೆಲುಗಿನಲ್ಲಿ ಒಂದೇ ಸಮನೆ ಹೇಳುತ್ತಿದ್ದರು. ಅರ್ಧಂಬರ್ಧ ತಿಳಿದ ಮಾತನ್ನು ಅವರ ಒದ್ದೆ ಕಣ್ಣು ಪೂರ್ತಿ ತಿಳಿಸಿತು.

“ಅಯ್ಯೋ ದೇವ್ರೇ, ದುಡ್ಡಲ್ಲ ಕಣ್ರೀ!” ವೇದವತಿ ಕನ್ನಡದಲ್ಲೇ ಕೂಗಿಕೊಂಡಳು. ಒಳಗೋಡಿ ರಾಣಿಯನ್ನು ತಂದು, ಡಬ್ಬಿಯನ್ನು ಟಕಟಕ ಬಡಿದು ತೋರಿಸಿದಳು. “ಇದು! ಇದು ಬೇಕು!”

ಗಂಗಾಭವಾನಿ ಬೊಂಬೆ ನೋಡಿದರು, ನೋಟು ನೋಡಿದರು. “ಓಸಿ ಪಿಚ್ಚಿ ಪಿಲ್ಲಾ! ಇವಿ ಡಬ್ಬಾಲು, ಅವಿ ಡಬ್ಬುಲು!” ಎಲೈ ಹುಚ್ಚು ಹುಡುಗಿ, ಇವು ಡಬ್ಬಿಗಳು, ಅದು ದುಡ್ಡು!

ತರಕಾರಿಯವಳು ರೂಪಾಯಲು ಅನ್ನುತ್ತಿದ್ದಳೇ ಹೊರತು, ದುಡ್ಡಿಗೆ ‘ಡಬ್ಬು’ ಎಂದೂ ಹೆಸರುಂಟೆಂದು ಹೇಳಿಕೊಟ್ಟಿರಲಿಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುನಗುತ್ತಲೇ ವೇದವತಿ ಅತ್ತುಬಿಟ್ಟಳು. ತನ್ನನ್ನು ಕಂಡೂ ಕಾಣದಂತಿದ್ದಾರೆ ಎಂದುಕೊಂಡವರು ಅವಳಿಗೆ ಊಟವಿಲ್ಲವೆಂದು ಬೆಟ್ಟದಷ್ಟು ಚಿಂತೆ ಹೊತ್ತು ಬಂದಿದ್ದರು.

ಮರುದಿನದಿಂದ ಡಬ್ಬಿಗಳ ಸುರಿಮಳೆ. ಹಾರ್ಲಿಕ್ಸ್ ಬಾಟಲಿ ದಪ್ಪ ಹೊಟ್ಟೆಯ ಶೆಟ್ಟಿಯಾಯಿತು, ಕಾಡಿಗೆ ಡಬ್ಬಿಗಳು ಅವನ ಅಂಗಡಿಯ ಸಾಮಾನಾದವು. ಹೆಂಗಸರು ಅಲ್ಲೇ ಕುಳಿತು ಬೊಂಬೆಗಳಿಗೆ ಸೀರೆ ಉಡಿಸಿದರು, ರಾಜನ ಮೀಸೆಗಾಗಿ ಜಗಳವಾಡಿದರು. ಮನೆ ತುಂಬ ಗದ್ದಲ. ವೇದವತಿಗೆ ಹಿತವಾಗಿತ್ತು.

ವಿಜಯದಶಮಿಯ ಆರತಿಯಾದ ಮೇಲೆ ಗಂಗಾಭವಾನಿ ಹೊಸ್ತಿಲಲ್ಲಿ ತಿರುಗಿ ನಿಂತರು. ತಮ್ಮ ಮನೆಯಲ್ಲಿ ಬೊಂಬೆ ಕೂರಿಸುವುದು ಸಂಕ್ರಾಂತಿಗೆ, ಈ ಸಲ ನೀನೇ ಮಾಡಿಕೊಡಬೇಕು ಎಂದರು. “ಉಂಟಾವು ಕದಾ?” ಇರುತ್ತೀ ತಾನೇ?

“ಉಂಟಾನಂಡಿ,” ಎಂದಳು ವೇದವತಿ. ಆ ಮಾತು ಬಾಯಿಂದ ಬಿದ್ದ ಮೇಲೆಯೇ, ತಾನಿನ್ನು ತವರಿಗೆ ಹೊರಡುವುದಿಲ್ಲವೆಂದು ಅವಳಿಗೂ ಗೊತ್ತಾದದ್ದು.