ಪುಸೆಲೆತ್ಸೊ ಅವರ ಕುರ್ಚಿ

ಮಾತ್ರೆಯ ಪೊಟ್ಟಣವನ್ನು ರೋಗಿಯ ಕೈಗಿಡುವ ಮೊದಲು ಎದ್ದು ನಿಂತು, ತಾನು ಕುಳಿತ ಕುರ್ಚಿಯನ್ನೇ ಅವನಿಗೆ ಬಿಟ್ಟುಕೊಡುವ ದಾದಿಯನ್ನು ನಮ್ಮ ಕಣಿವೆಯವರು ಪುಸೆಲೆತ್ಸೊ ಬರುವ ಮುಂಚೆ ಕಂಡಿರಲಿಲ್ಲ; ಅವರು ಹೋದ ಮೇಲೂ ಕಂಡಿಲ್ಲ. ತಪಾಸಣೆ ಮುಗಿದಿರುತ್ತಿತ್ತು, ಔಷಧ ಬರೆದಾಗಿರುತ್ತಿತ್ತು, ಹೇಗೆ ನುಂಗಬೇಕು, ಯಾವಾಗ ನುಂಗಬಾರದು ಎಂಬುದನ್ನು ನಿಧಾನವಾಗಿ ಹೇಳಿಯೂ ಆಗಿರುತ್ತಿತ್ತು. ಬೇರೆ ಚಿಕಿತ್ಸಾಲಯದಲ್ಲಾಗಿದ್ದರೆ ಅಲ್ಲಿಗೆ ಕೆಲಸ ಮುಗಿದ ಹಾಗೆ. ಪುಸೆಲೆತ್ಸೊ ಅವರ ಕೋಣೆಯಲ್ಲಿ ಅದು ಅಲ್ಲಿಂದ ಶುರುವಾಗುತ್ತಿತ್ತು. ಪೊಟ್ಟಣವನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದು ಅವರು ರೋಗಿಯ ಬೆಂಚಿಗೆ ಬಂದು ಕೂರುವರು. ರೋಗಿ ಹೋಗಿ ಅವರ ಕುರ್ಚಿಯಲ್ಲಿ ಕೂರಬೇಕು.

"ಈಗ ನೀನು ದಾದಿ, ನಾನು ರೋಗಿ. ನಂಗೇನೂ ಗೊತ್ತಿಲ್ಲ, ಸ್ವಲ್ಪ ದಡ್ಡಿ ಬೇರೆ. ಹೇಳು, ಇದನ್ನ ಹೆಂಗೆ ತಗೋಬೇಕು?"

ಕುರ್ಚಿಯಲ್ಲಿ ಕೂತವನು ಒಂದು ವಾಕ್ಯ ಹೇಳಿದರೆ, "ಹ್ಞೂಂ, ಆಮೇಲೆ?" ಎನ್ನುವರು. ಇನ್ನೊಂದು ಹೇಳಿದರೆ ಮತ್ತೆ, "ಆಮೇಲೆ?" ಆ ಪ್ರಶ್ನೆಗೆ ಉತ್ತರ ಮುಗಿಯುವವರೆಗೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಕುರಿ ಮೇಯಿಸುವ ಗಂಡಸರು ಮೊದಮೊದಲು ನಾಚಿ, ಕುರ್ಚಿಯ ತುದಿಯಲ್ಲಿ ಕುಳಿತು, ಹುಲ್ಲಿನ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ತೊದಲುತ್ತಿದ್ದರು. ಮುದುಕಿಯರಿಗೆ ಮಾತ್ರ ಆ ಕುರ್ಚಿ ಬಲು ಬೇಗ ಒಗ್ಗಿತು. ರಕ್ತದೊತ್ತಡದ ಒಬ್ಬ ಅಜ್ಜಿಯಂತೂ ಕುಳಿತ ಕೂಡಲೇ ದನಿ ಏರಿಸಿ, "ಏನೇ, ಹೋದ ತಿಂಗಳು ತಲೆನೋವು ನಿಂತಿತು ಅಂತ ಅರ್ಧಕ್ಕೇ ಮಾತ್ರೆ ಬಿಟ್ಟೆಯಂತಲ್ಲ, ನಾಚಿಕೆ ಆಗಲ್ವ?" ಎಂದು ಪುಸೆಲೆತ್ಸೊ ಅವರನ್ನೇ ಗದರಿಸಿ, ಹಾಗೆ ಗದರಿಸುವುದರಲ್ಲಿ ತನ್ನ ಗುಟ್ಟನ್ನು ತಾನೇ ಹೊರಗೆ ಹಾಕಿದಳು. ಪುಸೆಲೆತ್ಸೊ ನಗಲಿಲ್ಲ. ತಲೆ ತಗ್ಗಿಸಿ, "ತಪ್ಪಾಯ್ತು ಸಿಸ್ಟರ್, ಇನ್ನು ಬಿಡಲ್ಲ" ಎಂದರು.

ಎತ್ತರದ ಹೆಂಗಸು, ಅಗಲವಾದ ಭುಜ. ಎಡಗಾಲನ್ನು ಸ್ವಲ್ಪ ಬಲವಾಗಿ ಊರಿ ನಡೆಯುತ್ತಿದ್ದುದರಿಂದ ಕಲ್ಲುದಾರಿಯಲ್ಲಿ ಅವರ ಬರವು ಮೊದಲು ಕಿವಿಗೆ ತಿಳಿಯುತ್ತಿತ್ತು, ಆಮೇಲೆ ಕಣ್ಣಿಗೆ. ಬಿಳಿಯ ಸಮವಸ್ತ್ರದ ಮೇಲೆ ಗಂಡಸರ ಕಂದು ಕೋಟೊಂದನ್ನು ಬೇಸಿಗೆಯಲ್ಲೂ ತೊಡುತ್ತಿದ್ದರು. ತೋಳು ಉದ್ದವಾದ್ದರಿಂದ ಮಡಿಚಿಕೊಂಡಿರುತ್ತಿದ್ದರು. ಅದು ತೀರಿಹೋದ ಗಂಡನದು. ಗಡಿಯಾಚೆಯ ಗಣಿಯಲ್ಲಿ ದುಡಿದು ಎದೆರೋಗ ಹೊತ್ತು ಮರಳಿದ ಆತನಿಗೆ ಔಷಧ ದೊರೆತಿತ್ತು, ಒಳ್ಳೆಯ ಔಷಧವೇ. ಕೆಮ್ಮು ನಿಂತ ಮೇಲೆ ಇನ್ನೇಕೆ ಎಂದು ಆತ ಬಿಟ್ಟುಬಿಟ್ಟ. ಮಣ್ಣು ಮಾಡಿ ಬಂದ ದಿನ ಆ ಕೋಟಿನ ಜೇಬಿನಲ್ಲಿ ನುಂಗದೆ ಉಳಿದ ಮಾತ್ರೆಗಳು ಸಿಕ್ಕವಂತೆ. ಆಗಿನ್ನೂ ಆಕೆ ದಾದಿಯ ಶಿಕ್ಷಣಕ್ಕೆ ಸೇರಿರಲಿಲ್ಲ. ಇದನ್ನು ಅವರು ಒಮ್ಮೆ ಮಾತ್ರ ಹೇಳಿದ್ದರು, ಯಾರೂ ಕೇಳದಿದ್ದರೂ ತಾವಾಗಿಯೇ, ಕೋಟಿನ ಗುಂಡಿ ಹೊಲಿಯುತ್ತ. ಆ ಜೇಬಿನಲ್ಲಿ ಈಗ ಮಕ್ಕಳಿಗಾಗಿ ಪೆಪ್ಪರ್‌ಮಿಂಟು ಇರುತ್ತಿತ್ತು.

ಸೆಂಕು ನದಿಯ ಮೇಲ್ಗಡೆಯ ನಮ್ಮ ಕಣಿವೆಗೆ ವೈದ್ಯರು ಬರುವುದು ತಿಂಗಳಿಗೊಮ್ಮೆ, ಅದೂ ಹೊಳೆ ಇಳಿದಿದ್ದರೆ. ಉಳಿದಂತೆ ರೋಗ ಗುರುತಿಸುವುದು, ಔಷಧ ಆರಿಸಿ ಬರೆಯುವುದು, ಎಣಿಸಿ ಕೊಡುವುದು, ಹೆಚ್ಚಿಸುವುದು, ನಿಲ್ಲಿಸುವುದು ಎಲ್ಲ ಅವರೊಬ್ಬರದೇ. ಬರೆಯುವ ಅಧಿಕಾರವನ್ನು ಅವರು ಬಿಸಿ ಪಾತ್ರೆಯಂತೆ ಹಿಡಿದಿದ್ದರು, ಇಳಿಸುವ ಜಾಗವನ್ನು ಮೊದಲು ನೋಡಿಕೊಂಡು. ಹಾಗೆ ನೋಡಿಕೊಂಡೂ ಒಮ್ಮೆ ಅವರ ಕೈ ತಪ್ಪಿತು.

ಗೌರವಕ್ಕೆ ಗಂಡಸರನ್ನು ನ್ತಾತೆ, ಹೆಂಗಸರನ್ನು ಮ್ಮೆ ಎನ್ನುವುದು ನಮ್ಮ ರೂಢಿ, ಅಪ್ಪ, ಅಮ್ಮ ಎಂದ ಹಾಗೆ. ನ್ತಾತೆ ಸೆಯಾಬಾಟಾ ಊರಿನ ಹಿರಿಯ. ಹೆಂಡತಿ ತೀರಿಕೊಂಡಿದ್ದಳು, ಒಬ್ಬನೇ ಮಗ ಗಣಿಯಲ್ಲಿದ್ದ. ಮನೆಯಲ್ಲಿ ಉಳಿದವರು ಆತ, ಸೊಸೆ ಮಾಖೊತ್ಸೊ, ಆಕೆಯ ಎದೆಹಾಲಿನ ಕೂಸು. ಆತನಿಗೆ ಸಕ್ಕರೆ ಕಾಯಿಲೆ. ಮಂಡಿ ನೋವು ಹೆಚ್ಚಿದ ಮೇಲೆ ಇಳಿಜಾರು ಇಳಿಯಲಾರದೆ, ಮಾತ್ರೆ ತರಲು ಸೊಸೆಯನ್ನು ಕಳಿಸುತ್ತಿದ್ದ. ಆ ಚಳಿಗಾಲ ತಪಾಸಣೆಗೆಂದು ಮಲೆ ಹತ್ತಿ ಅವನ ಮನೆಗೆ ಹೋಗಿ ಬಂದ ಪುಸೆಲೆತ್ಸೊ, ಹಳೆಯ ಮಾತ್ರೆ ಸಾಲದೆಂದು ಇನ್ನೊಂದನ್ನು ಬರೆದರು. ಹೊಸದು ಸಕ್ಕರೆಯನ್ನು ಬಲವಾಗಿ ಇಳಿಸುವಂಥದು. ಹೊಟ್ಟೆಗೆ ಏನಾದರೂ ಬಿದ್ದ ಮೇಲೆಯೇ ನುಂಗಬೇಕು, ಉಣ್ಣದ ದಿನ ಮುಟ್ಟಲೇಬಾರದು. ಮಾಖೊತ್ಸೊ ಬಂದು ಕುರ್ಚಿಯಲ್ಲಿ ಕುಳಿತು ಅದನ್ನು ಒಂದು ಅಕ್ಷರ ತಪ್ಪದೆ ಹೇಳಿದಳು.

"ಮೊದ್ಲು ಗಂಜಿ, ಆಮೇಲೆ ಮಾತ್ರೆ. ಗಂಜಿ ಇಲ್ಲ ಅಂದ್ರೆ ಮಾತ್ರೇನೂ ಇಲ್ಲ. ಬೆವರು, ನಡುಕ ಬಂದ್ರೆ ಸಕ್ಕರೆ ನೀರು."

"ಆಮೇಲೆ?"

"ಆಮೇಲೆ ನಿಮ್ಮ ಹತ್ರ ಓಡಿ ಬರೋದು, ಮ್ಮೆ."

ಪುಸೆಲೆತ್ಸೊಗೆ ಸಂತೋಷವಾಯಿತು. ಮುಷ್ಟಿ ಬಿಚ್ಚಿದರು.

ಸೊಸೆ ಮಾವನ ಹೆಸರೆತ್ತಬಾರದು, ಎದುರು ನಿಂತು ಮಾತಾಡಬಾರದು, ಅವನು ಮಲಗುವ ಕೋಣೆಗೆ ಕಾಲಿಡಬಾರದು ಎಂಬ ಕಟ್ಟು ಎಷ್ಟೋ ಮನೆಗಳಲ್ಲಿ ಈಗ ಸಡಿಲವಾಗಿದೆ. ಸೆಯಾಬಾಟಾನ ಮನೆಯಲ್ಲಿ ಅದು ಹಳೆಯ ಬಿಗಿಯಲ್ಲೇ ಇತ್ತು. ಅತ್ತೆ ಬದುಕಿದ್ದಾಗ ಮಾತು ಅತ್ತೆಯ ಮೂಲಕ ದಾಟುತ್ತಿತ್ತು. ಆಕೆ ಹೋದ ಮೇಲೆ ಆ ಸೇತುವೆಯೂ ಇರಲಿಲ್ಲ. ಮಾಖೊತ್ಸೊ ಪೊಟ್ಟಣವನ್ನು ಮಾವನ ಬಾಗಿಲ ಹೊರಗಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಮಾವ ಅದನ್ನು ಒಳಗೊಯ್ದು, ಹಳೆಯ ಮಾತ್ರೆಯ ರೂಢಿಯಂತೆಯೇ ಎದ್ದ ಕೂಡಲೇ ಮುಖ ತೊಳೆಯುವ ನೀರಿನೊಡನೆ ನುಂಗತೊಡಗಿದ. ಅಂಗಳದಿಂದ ಆಕೆಗೆ ಅದು ಕಾಣುತ್ತಿತ್ತು. ಬೇಡ ಎನ್ನಲು ಬಾಯಿಲ್ಲ. ಬಾಯಿ ಮಾಡಲಾರದ್ದನ್ನು ಕೈಯಿಂದ ಮಾಡಲು ನೋಡಿದಳು: ನಕ್ಷತ್ರ ಮಾಸುವ ಮೊದಲೇ ಎದ್ದು ಒಲೆ ಹೊತ್ತಿಸಿ, ಮಾವ ಕಣ್ಣು ಬಿಡುವಷ್ಟರಲ್ಲಿ ಜೋಳದ ಹುಳಿಗಂಜಿ ಬಾಗಿಲಲ್ಲಿ ಹಬೆಯಾಡುವಂತೆ ಮಾಡಿದಳು. ಅದರಿಂದಾಗಿ ಕೆಲವು ವಾರ ಏನೂ ಆಗಲಿಲ್ಲ.

ಆಮೇಲೆ ಒಂದು ಶನಿವಾರ ಪಕ್ಕದ ಊರಿನಲ್ಲಿ ಶವಸಂಸ್ಕಾರ. ಸೆಯಾಬಾಟಾ ಮಾತ್ರೆ ನುಂಗಿ, ಸತ್ತವನನ್ನು ಮಣ್ಣಿಗಿಡುವ ಮೊದಲು ಉಣ್ಣುವುದು ಬೇಡವೆಂದು ಬಾಗಿಲ ಗಂಜಿಯನ್ನು ದಾಟಿ ಕುದುರೆ ಹತ್ತಿದ. ಬಿಸಿಲೇರುವ ಹೊತ್ತಿಗೆ ಗೋರಿಯ ಬದಿಯಲ್ಲಿ ಅವನ ಮಾತು ತೊಡರಿತು, ಕಂಬಳಿ ಜಾರಿತು. ಹೆಸರು ಹಿಡಿದು ಕರೆದರೂ ಅವನಿಗೆ ಯಾರ ಗುರುತೂ ಹತ್ತಲಿಲ್ಲ.

"ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡು ಬಂದವ್ನೆ ಮುದುಕ. ಅಲ್ಲೇ ಬಿಸಿಲಿಗೆ ಮಲಗ್ಸಿ, ಇಳಿಯುತ್ತೆ" ಎಂದರು ಯಾರೋ.

ಅದೇ ಸಂಸ್ಕಾರಕ್ಕೆ ಬಂದಿದ್ದ ಪುಸೆಲೆತ್ಸೊ ಮಂದಿಯ ನಡುವಿನಿಂದ ಎಡಗಾಲನ್ನು ಊರುತ್ತ ಬಂದು ಅವನ ಹಣೆ ಮುಟ್ಟಿದರು. ಕೊರೆಯುವ ಚಳಿಯಲ್ಲಿ ಅಂಗಿ ಒದ್ದೆಯಾಗುವಷ್ಟು ಬೆವರು. ಇದು ಹೆಂಡದ ಬೆವರಲ್ಲವೆಂದು ಅವರಿಗೆ ತಿಳಿಯಲು ಅಷ್ಟು ಸಾಕಾಯಿತು. ಸತ್ತವನ ಮನೆಯವರಿಂದ ಸಕ್ಕರೆ ತರಿಸಿ ನೀರಲ್ಲಿ ಕಲಸಿ ಒಸಡಿಗೆ ಸವರಿ, ಗಂಡಸರಿಂದ ಅವನನ್ನು ಚಿಕಿತ್ಸಾಲಯಕ್ಕೆ ಹೊರಿಸಿ, ರಕ್ತನಾಳಕ್ಕೆ ಗ್ಲೂಕೋಸ್ ಹತ್ತಿಸಿದರು. ಅವನು ಕಣ್ಣು ಬಿಟ್ಟ ಮೇಲೂ ಮನೆಗೆ ಬಿಡಲಿಲ್ಲ. ಆ ಮಾತ್ರೆಯ ಕಸುವು ಮತ್ತೆ ಕೆಳಗೆಳೆಯಬಲ್ಲದೆಂದು ಮರುದಿನದವರೆಗೆ ಪಕ್ಕದಲ್ಲೇ ಕೂತು ಬೆರಳು ಚುಚ್ಚಿ ಚುಚ್ಚಿ ರಕ್ತದ ಸಕ್ಕರೆ ನೋಡಿದರು.

ಮುದುಕ ಉಳಿದ. ಆದರೆ ಊರಿಗೆ ಕಾರಣ ಬೇಕಿತ್ತು. ಸೆಯಾಬಾಟಾನ ತಮ್ಮ ಮೊಕೇಟೆಗೆ ಅದು ಸುಲಭವಾಗಿ ಸಿಕ್ಕಿತು: ಮಾತ್ರೆ ಹೊಸದು, ತಂದವಳು ಸೊಸೆ, ಗಂಡ ಊರಲ್ಲಿಲ್ಲ, ಮಾವ ಸತ್ತರೆ ಮನೆ ಯಾರದು? ಮುಂದಿನ ಭಾನುವಾರ ಹಿರಿಯರು ಅಂಗಳದಲ್ಲಿ ಸೇರಿ ಮಾಖೊತ್ಸೊಳನ್ನು ತವರಿಗೆ ಅಟ್ಟುವುದೆಂದಾಯಿತು. ವಿಷವಿಟ್ಟವಳೆಂಬ ಹೆಸರು ಹೊತ್ತು ಹೋದ ಹೆಣ್ಣಿಗೆ ತವರೂ ಬಾಗಿಲು ತೆರೆಯುವುದಿಲ್ಲ. ಮಗು ಈ ಮನೆಯದೆಂದು ಇಲ್ಲೇ ಉಳಿಯುತ್ತದೆ. ಆಕೆ ಗೋಡೆಯತ್ತ ಮುಖ ಮಾಡಿ ಕುಳಿತವಳು ಕೂಸಿಗೆ ಹಾಲೂಡುವುದಕ್ಕಷ್ಟೇ ಅಲುಗುತ್ತಿದ್ದಳು.

ಆ ಭಾನುವಾರ ಕಣಿವೆಯವರು ಒಂದು ವಿಚಿತ್ರ ನೋಡಿದರು. ಕಂದು ಕೋಟು ತೊಟ್ಟ ಪುಸೆಲೆತ್ಸೊ, ತಮ್ಮ ಕೋಣೆಯ ಕುರ್ಚಿಯನ್ನು ತಲೆಕೆಳಗು ಮಾಡಿ ತಲೆಯ ಮೇಲೆ ಹೊತ್ತು ಇಳಿಜಾರು ಹತ್ತುತ್ತಿದ್ದರು.

"ಇದೇನು ಮ್ಮೆ, ನಮ್ಮನೇಲಿ ಕೂರೋಕೆ ಜಾಗ ಇರಲ್ಲ ಅಂದ್ಕೊಂಡ್ರಾ?" ಎಂದು ಮೊಕೇಟೆ ಕೊಂಕು ನುಡಿದ.

"ನಂಗಲ್ಲ ಅಣ್ಣ, ನಾನು ನೆಲದ ಮೇಲೇ ಕೂರ್ತೀನಿ."

ಕುರ್ಚಿಯನ್ನು ಮುದುಕನಿಗೆ ಬೆನ್ನಾಗುವಂತೆ, ಕುರಿದೊಡ್ಡಿಯ ಕಲ್ಲುಗೋಡೆಗೆ ಎದುರಾಗಿ ಇಟ್ಟು, ಮಾಖೊತ್ಸೊಳನ್ನು ಅದರಲ್ಲಿ ಕೂರಿಸಿದರು. ಮಾವನ ಮುಖ ನೋಡಬೇಕಿಲ್ಲ, ಅವನೊಡನೆ ಮಾತಾಡಬೇಕಿಲ್ಲ, ಕಟ್ಟು ಮುರಿಯುತ್ತಿರಲಿಲ್ಲ. ತಾವು ಅವಳ ಮುಂದೆ ಮಣ್ಣಿನಲ್ಲಿ ಕುಳಿತರು.

"ಈಗ ನೀನು ದಾದಿ ಮಗಳೇ, ನಾನು ರೋಗಿ. ಹೇಳು."

ಕಂಬಳಿಯ ಒಳಗಿನಿಂದ ದನಿ ಬಂತು. "ಮೊದ್ಲು ಗಂಜಿ, ಆಮೇಲೆ ಮಾತ್ರೆ. ಗಂಜಿ ಇಲ್ಲ ಅಂದ್ರೆ ಮಾತ್ರೇನೂ ಇಲ್ಲ." ಸೆಯಾಬಾಟಾ ತಲೆ ಎತ್ತಿದ. ತಾನು ನುಂಗುತ್ತಿದ್ದ ಮಾತ್ರೆಯ ವಿಧಿಯನ್ನು ಅವನು ಕೇಳಿದ್ದು ಅದೇ ಮೊದಲು.

"ಆಮೇಲೆ?"

"ಆಮೇಲೆ ಮನೆಗೆ ತಗೊಂಡು ಹೋಗ್ತೀನಿ."

"ಆಮೇಲೆ?"

"ಬಾಗಿಲ ಕಲ್ಲಿನ ಮೇಲೆ ಇಡ್ತೀನಿ."

"ಆಮೇಲೆ?"

ದೊಡ್ಡಿಯಲ್ಲಿ ಕುರಿಯೊಂದು ಕೆಮ್ಮಿತು.

"ಆಮೇಲೆ ನಂಗೆ ಬಾಯಿಲ್ಲ, ಮ್ಮೆ."

ಪುಸೆಲೆತ್ಸೊ ಮಣ್ಣಿನಿಂದ ಎದ್ದರು. "ಕೇಳಿದ್ರಲ್ಲ. ಈ ಕೊನೇ ‘ಆಮೇಲೆ’ನ ನಾನು ಆವತ್ತು ಕೇಳಬೇಕಿತ್ತು, ಕೇಳಲಿಲ್ಲ. ಮಾತ್ರೆ ಬರೆದ ಕೈ ನಂದು. ಈ ಮನೆಯಲ್ಲಿ ಮಾತಾಡಬಾರದ ಬಾಯಿಗೆ ಪಾಠ ಹೇಳಿ, ಮುದುಕನಿಗೆ ಮುಟ್ಟಿತು ಅಂದ್ಕೊಂಡವಳೂ ನಾನೇ. ಈ ಹುಡುಗಿದು ಏನೂ ತಪ್ಪಿಲ್ಲ."

"ಹಂಗಾದ್ರೆ ನೀವೇ ಕೊಲ್ತಿದ್ರಿ ಅನ್ನಿ" ಎಂದ ಮೊಕೇಟೆ. "ಇನ್ಮೇಲೆ ನಿಮ್ಮ ಮದ್ದು ಯಾರು ನುಂಗ್ತಾರೆ?"

"ನುಂಗದೆ ಇರಬಹುದು ಅಣ್ಣ. ಅದಕ್ಕೆ ಹೆದರಿ ಇವಳ ತಲೆಗೆ ಕಟ್ಟೋಕಾಗುತ್ತಾ?"

ಸೆಯಾಬಾಟಾ ಕೋಲೂರಿ ಎದ್ದು ಕೋಣೆಗೆ ಹೋದ, ಹೋಗುತ್ತಲೇ ತಮ್ಮನಿಗೆ, "ವಿಷ ಹಾಕೋಳಾಗಿದ್ರೆ ಗಂಜೀಲೇ ಹಾಕ್ತಿದ್ಳು ಕಣೋ ಮೊಕೇಟೆ. ಅದನ್ನ ದಿನಾ ತಿಂತಿದೀನಿ, ನೀನೂ ಬಂದಾಗೆಲ್ಲ ಎರಡೆರಡು ಬಟ್ಟಲು ತಿಂದಿದ್ದೀಯ" ಎಂದ. ಯಾರೋ ನಕ್ಕು ನಗುವನ್ನು ನುಂಗಿಕೊಂಡರು. ಮುದುಕ ಮಾತ್ರೆಯ ಪೊಟ್ಟಣ ಹಿಡಿದು ಬಂದವನು, ಸೊಸೆಯ ಕಡೆ ನೋಡದೆ, ಅಂಗಳ ದಾಟಿ, ಅಡುಗೆಯ ಗುಡಿಸಲಿನ ಹೊಸ್ತಿಲ ಮೇಲೆ ಅದನ್ನಿಟ್ಟ.

"ಇದು ಇನ್ನು ನನ್ನ ಕೋಣೇಲಿ ಬೇಡ. ಗಂಜಿ ಎಲ್ಲಿರುತ್ತೋ ಅಲ್ಲಿರ್ಲಿ. ಗಂಜಿ ಜೊತೆ ಬರ್ಲಿ" ಎಂದು ಗಾಳಿಗೆ ಹೇಳಿದ.

ಯಾರನ್ನು ವಿಷವಿಟ್ಟವಳೆಂದು ಓಡಿಸಲು ಹಿರಿಯರು ಕೂಡಿದ್ದರೋ ಅವಳ ಒಲೆಯ ಬಳಿ ಆತ ತನ್ನ ಜೀವವನ್ನು ಇಟ್ಟುಬಂದಿದ್ದ. ಅವಳನ್ನು ತವರಿಗೆ ಅಟ್ಟುವ ಮಾತು ಅಲ್ಲಿಗೇ ಬಿದ್ದುಹೋಯಿತು. ಪುಸೆಲೆತ್ಸೊ ಅಲ್ಲೇ ಮಾತ್ರೆಯ ಪ್ರಮಾಣವನ್ನು ಅರ್ಧಕ್ಕಿಳಿಸಿ, ಅದನ್ನು ಮುದುಕನಿಂದಲೇ ಹೇಳಿಸಿ, ಮತ್ತೆ ಕುರ್ಚಿ ಹೊತ್ತು ಇಳಿದರು. ಹೋಗುವಾಗ ದಾರಿ ಬಿಡಲು ಎದ್ದು ನಿಂತವರಲ್ಲಿ ಮೊಕೇಟೆ ಇರಲಿಲ್ಲ.

ಮೊಕೇಟೆಯ ಮಾತು ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. ಆ ಚಳಿಗಾಲ ಕಳೆಯುವವರೆಗೆ ಚಿಕಿತ್ಸಾಲಯದ ಬೆಂಚು ಅರ್ಧ ಖಾಲಿಯಿತ್ತು. ಔಷಧ ಬಿಟ್ಟವರಲ್ಲಿ ಒಬ್ಬಿಬ್ಬರಿಗೆ ಹಾನಿಯೂ ಆಯಿತು, ಆ ಭಾರವನ್ನು ಅವರು ತಮ್ಮ ಲೆಕ್ಕಕ್ಕೇ ಸೇರಿಸಿಕೊಂಡರು. ಮರಳಿ ಬಂದವರು ಕುರ್ಚಿಯಲ್ಲಿ ಕುಳಿತು ಪಾಠ ಒಪ್ಪಿಸಿದ ಮೇಲೆ ಹೊಸದೊಂದು ಪ್ರಶ್ನೆ ಎದುರಾಯಿತು: "ಆಮೇಲೆ? ಮನೆಗೆ ಹೋದ ಮೇಲೆ? ಇದನ್ನ ಯಾರು ಯಾರಿಗೆ ಹೇಳಬಹುದು, ಯಾರು ಹೇಳಂಗಿಲ್ಲ?" ಉತ್ತರ ಸಿಗದಿದ್ದರೆ ಕೋಟಿನ ತೋಳನ್ನು ಇನ್ನೊಂದು ಮಡಿಕೆ ಏರಿಸಿ, ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ರೋಗಿಯ ಹಿಂದೆಯೇ ಹೊರಡುತ್ತಿದ್ದರು.

ಇಂಥವರು ಪ್ರತಿ ಕಾಲದಲ್ಲೂ ಕೆಲವರಿರುತ್ತಾರೆ. ತಿಳಿದದ್ದನ್ನು ಹೇಳಿ ಮುಗಿಸುವವರ ನಡುವೆ, ಹೇಳಿದ ಮಾತು ಯಾವ ಹೊಸ್ತಿಲಲ್ಲಿ ನಿಂತುಹೋಯಿತೆಂದು ಹುಡುಕಿಕೊಂಡು ಅದರ ಹಿಂದೆ ನಡೆಯುವವರು. ಅವರಿಂದ ತಪ್ಪಾಗುವುದಿಲ್ಲವೆಂದಲ್ಲ, ತಪ್ಪಾದಾಗ ಅದನ್ನು ಇಳಿಸಲು ತಮಗಿಂತ ಕೆಳಗಿನ ಹೆಗಲನ್ನು ಅವರು ಹುಡುಕುವುದಿಲ್ಲ. ನಾವು ಪುಸೆಲೆತ್ಸೊ ಅವರನ್ನು ನೆನೆಯುವುದು ಗುಣವಾದ ರೋಗಗಳಿಂದಲ್ಲ, ಗುಣವಾದದ್ದು ಬೇಗ ಮರೆತುಹೋಗುತ್ತದೆ. ಬೆಳಗಿನ ಜಾವ ಸೆಯಾಬಾಟಾನ ಮನೆಯ ಒಲೆಯ ಹೊಗೆ ಕಂಡಾಗ ನೆನೆಯುತ್ತೇವೆ: ಒಂದು ಬಟ್ಟಲು ಗಂಜಿ, ಅದರ ಪಕ್ಕದಲ್ಲಿ ಅರ್ಧ ಮಾತ್ರೆ, ಮಾತಿಲ್ಲದೆ ಅಂಗಳ ದಾಟುತ್ತಿರುತ್ತವೆ.