ಸತ್ತ ಮೇಲೂ ಕಲ್ಲಿದ್ದಲು ತುಂಬಿದ ಹೀರೊ

ಬೈಂಡಿಂಗ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೈಗಲ್ಲ, ಅವಳ ನಾಲಿಗೆಗೆ ಸಂದ ಹೆಸರು ಅದು. ಹೊಲಿಯಲು ಬಂದ ಪುಸ್ತಕವನ್ನು ಹೊಲಿಯುತ್ತಲೇ ಓದಿ, ಸಂಜೆಯೊಳಗೆ ಬರೆದವರ ಮಾನ ಹರಾಜು ಹಾಕುತ್ತಿದ್ದಳು. "ಕಣ್ಣು ಕಥೆ ಮೇಲಿದ್ರೆ ಕೈ ತಪ್ಪುತ್ತೆ. ಇನ್ನೊಂದು ಸಲ ತಪ್ಪಿದ್ರೆ ಮನೆಗೆ ಹೋಗು," ಎಂದು ಮಾಲೀಕರು ಎಚ್ಚರಿಸಿದ್ದರು. ಅವಳು ಕೇಳಿದರೆ ತಾನೆ!

ಈ ಸಲ ಕೈಗೆ ಸಿಕ್ಕಿದ್ದು ಸ್ವಂತ ಅಣ್ಣನ ಕಾದಂಬರಿ. ಗಡಿಯಾರ ರಿಪೇರಿಯ ಅಣ್ಣ ವರ್ಷಗಟ್ಟಲೆ ಕೂತು, ರಾಜರ ಕಾಲದಲ್ಲಿ ಉಗಿಯಂತ್ರದ ಹಡಗೊಂದು ಚಂದ್ರನಿಗೆ ಹಾರುವ ಕಥೆ ಬರೆದಿದ್ದ. ಪುಸ್ತಕ ಬಂದ ಭಾನುವಾರ ಮನೆಗೆ ನಾಲ್ಕು ಜನರನ್ನು ಚಹಾಕ್ಕೆ ಕರೆದ. ಮಾಲೀಕರೂ ಬಂದರು. ಎಲ್ಲರೂ ಚೆನ್ನಾಗಿದೆ ಎಂದರು. ಓದಿದವರು ಯಾರೂ ಇರಲಿಲ್ಲ. ಅಣ್ಣನ ಕಣ್ಣು ಮಾತ್ರ ತಂಗಿಯ ಮೇಲೆಯೇ ಇತ್ತು.

"ನೀನು ಹೇಳೇ," ಎಂದ.

"ಹೇಳ್ಲಾ? ಬಚ್ಚಲ ಹಂಡೆಗೆ ರೆಕ್ಕೆ ಕಟ್ಟಿ ಹಾರಿಸಿದೀಯ. ಚಂದ್ರನ ತನಕ ಸಾಲೋ ಅಷ್ಟು ಕಲ್ಲಿದ್ದಲು ಎಲ್ಲಿಟ್ಟೆ, ನಿನ್ನ ತಲೇಲಾ? ರಾಣಿ ಪುಟಕ್ಕೊಂದು ಸಲ ಮೂರ್ಛೆ ಹೋಗ್ತಾಳೆ. ಅವಳ ಮುಖಕ್ಕೆ ಚಿಮುಕಿಸಿ ಚಿಮುಕಿಸಿಯೇ ಬಾಯ್ಲರ್ ನೀರು ಖಾಲಿ! ಮಂತ್ರಿ ಬಾಯಿ ಬಿಟ್ರೆ ಭಾಷಣ. ಇನ್ನು ನಿನ್ನ ಹೀರೊ! ಉಲ್ಕೆ ಬಡಿದು ಸತ್ತ, ಹಡಗಿನವರೆಲ್ಲ ಗೊಳೋ ಅಂತ ಅತ್ರು. ಪುಟ ತಿರುಗಿಸಿದ್ರೆ ಮಹಾಶಯ ಜೋಕ್ ಹೊಡೀತಾ ಕಲ್ಲಿದ್ದಲು ತುಂಬ್ತಾ ಇದಾನೆ. ಸತ್ತವನು ಯಾವಾಗ ಎದ್ದ ಅಣ್ಣಾ?"

ಟ್ರೇ ಹಿಡಿದು ಬಂದ ಅತ್ತಿಗೆಯೂ ನಕ್ಕುಬಿಟ್ಟಳು. ಮಾಲೀಕರು ನಗಲಿಲ್ಲ.

"ಫಾರಂ ಅದಲುಬದಲಾಗಿದೆಯೇನಮ್ಮಾ?" ಎಂದರು. ಫಾರಂ ಎಂದರೆ ಹದಿನಾರು ಪುಟಗಳ ಮಡಿಕೆ. ಅವನ್ನು ಸಾಲಾಗಿ ಜೋಡಿಸಿ ಹೊಲಿಯುವುದೇ ಅವಳ ಕೆಲಸ.

ಅಣ್ಣ ಪುಸ್ತಕ ತಿರುವಿದ. ಒಂದು ಕಡೆ ಬೆರಳು ನಿಂತಿತು. ತಂಗಿಯ ಮುಖ ನೋಡಿ, ಮೆಲ್ಲಗೆ ಪುಸ್ತಕ ಮುಚ್ಚಿದ.

"ಇಲ್ಲ ಸರ್, ನಾನು ಬರೆದಿದ್ದೇ ಹಾಗೆ. ಅವನು ಸತ್ತಿದ್ದು ಮರೆತೇಹೋಗಿತ್ತು."

"ಭೇಷ್! ಕೊಂದವನಿಗೇ ನೆನಪಿಲ್ಲ!" ಎಂದು ಈಗ ಮಾಲೀಕರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಕೂದಲಿನಷ್ಟು ಸಣ್ಣ ತಿರುಪನ್ನೂ ಜಾಗ ಮರೆಯದೆ ಕೂರಿಸುವ ಅಣ್ಣ, ಹೀರೊನನ್ನೇ ಮರೆಯುತ್ತಾನೆಯೇ? ಅವಳು ಪುಸ್ತಕ ಕಿತ್ತುಕೊಂಡು ನೋಡಿದಳು. ಒಂಬತ್ತನೆಯ ಫಾರಂ ಮುಂದೆ, ಎಂಟನೆಯದು ಅದರ ಹಿಂದೆ. ಬೈಯುವ ಭರದಲ್ಲಿ ಪುಟಸಂಖ್ಯೆಯ ಕಡೆ ಕಣ್ಣೇ ಹಾಯಿಸಿರಲಿಲ್ಲ. ಎಲ್ಲ ಪ್ರತಿಗಳನ್ನೂ ಹೊಲಿದವಳು ಅವಳೇ. ಈಗ ಬಾಯಿ ಮುಚ್ಚಿಕೊಂಡರೆ ಕೆಲಸ ಉಳಿಯುತ್ತದೆ, ಅಣ್ಣ ಊರಿಗೆಲ್ಲ ಪೆದ್ದನಾಗುತ್ತಾನೆ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಸುಳ್ಳು ಹೇಳ್ತಿದಾನೆ ಸರ್. ಅದಲುಬದಲು ಮಾಡಿದ್ದು ನಾನು."

ಮಾಲೀಕರು ಚಹಾದ ಕಪ್ಪು ಕೆಳಗಿಟ್ಟರು. "ನಾಳೆ ಎಲ್ಲಾ ಬಿಚ್ಚಿ ಸರಿಯಾಗಿ ಹೊಲಿದುಕೊಡು. ಆಮೇಲೆ ಬರೋದು ಬೇಡ," ಎಂದು ಎದ್ದು ಹೋದರು. ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು.

"ನಿಂಗ್ಯಾಕೆ ಬೇಕಿತ್ತೇ ಈ ಉಸಾಬರಿ?" ಎಂದು ಗದರಿದ ಅಣ್ಣ, ಸ್ವಲ್ಪ ಹೊತ್ತಿಗೆ ಕುರ್ಚಿ ಹತ್ತಿರ ಎಳೆದುಕೊಂಡ. "ಹಾಗಾದ್ರೆ... ಸರಿಯಾಗಿ ಜೋಡಿಸಿ ಓದಿದ್ರೆ ಚೆನ್ನಾಗಿದೆ ತಾನೆ?"

ಹೌದು ಎನ್ನಲು ಅವಳಿಗೆ ಎಷ್ಟೋ ಆಸೆ. ನಾಲಿಗೆ ಏಳಲಿಲ್ಲ.

"ಇಲ್ಲ ಅಣ್ಣಾ," ಎಂದು ಕಣ್ಣೊರೆಸಿಕೊಂಡಳು. "ಇನ್ನೂ ಕೆಟ್ಟದಾಗುತ್ತೆ. ನಗಿಸೋಕೆ ಆ ಪುಣ್ಯಾತ್ಮ ಎದ್ದೇ ಬರಲ್ಲ."