ಅವ್ವನ ಕಿವಿ

ಪಿಎಚ್.ಡಿ. ಮುಗಿಸಿ ಆರು ವರ್ಷವಾಯಿತು. ಇನ್ನೂ ತುಮಕೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆರು ವರ್ಷವಾದರೂ ಎದ್ದು ಹೋಗದ ಅತಿಥಿ, ಎಂಥ ನಾಚಿಕೆಗೆಟ್ಟವಳೋ ನಾನು! ಅಷ್ಟರಲ್ಲಿ ಆ ಪ್ರಕಟಣೆ ಕಣ್ಣಿಗೆ ಬಿತ್ತು. ಕೆಲಸದ ಜಾಗದಲ್ಲಿ ಹಿರಿಯರೂ ಕಿರಿಯರೂ ಒಬ್ಬರಿಂದೊಬ್ಬರು ಹೇಗೆ ಕಲಿಯುತ್ತಾರೆ ಎಂಬುದರ ಮೇಲೆ ಎರಡು ವರ್ಷದ ಪೋಸ್ಟ್ ಡಾಕ್ಟರಲ್ ಸಂಶೋಧನೆ. ವಯಸ್ಸು ಮೂವತ್ತೈದು ದಾಟಿರಬಾರದು. ನನಗೆ ದಾಟಲು ಮೂರು ತಿಂಗಳಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ.

ಅರ್ಜಿಯ ಜೊತೆ ಹತ್ತು ನಿಮಿಷದ ವಿಡಿಯೊ ಬೇಕು: ಈಗಲೂ ದುಡಿಯುತ್ತಿರುವ ಹಿರಿಯರೊಬ್ಬರು, ಜೊತೆಗೊಬ್ಬ ಕಿರಿಯರು, ಮಾಲೀಕರ ಸಹಿ. ಇದಕ್ಕೆ ಊರೂರು ಅಲೆಯಬೇಕೆ? ನಮ್ಮವ್ವ ರಂಗಕ್ಕ ಮೂವತ್ತು ವರ್ಷದಿಂದ ಶೆಟ್ಟಿಕೆರೆಯ ಸದಾಶಿವಯ್ಯನವರ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಆರಿಸುವವಳು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಒಳಗೆ ಒಣಗಿ ಬಿಟ್ಟುಕೊಂಡ ಕೊಬ್ಬರಿ ಗಿಟುಕು ಲೊಟಲೊಟ ಎಂದರೆ ಒಡೆಯುವ ರಾಶಿಗೆ, ನೀರಿನ ಸದ್ದಾದರೆ ಮತ್ತೆ ಅಟ್ಟಕ್ಕೆ. ಹಸಿಯಿದ್ದಾಗ ಒಡೆದರೆ ಕೊಬ್ಬರಿ ಹಾಳು. ರಂಗಕ್ಕನ ಕಿವಿ ತಪ್ಪುವುದಿಲ್ಲ ಎಂದು ಸುತ್ತಲ ಹಳ್ಳಿಗೆಲ್ಲ ಗೊತ್ತು. ಆ ಕಿವಿಯೇ ನನ್ನನ್ನು ಓದಿಸಿದ್ದು.

ಒಂದು ದಿನ ರಜೆ ಹಾಕಿ ಹೋದೆ. ಎರಡು ವರ್ಷದಿಂದ ಅವ್ವನ ಜೊತೆ ಕೆಲಸಕ್ಕಿರುವ ಮಧುಶ್ರೀ ಅವ್ವನ ಪಕ್ಕದಲ್ಲೇ, ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದಳು. ಹಾಗೆ ಕೂತರೆ ವಿಡಿಯೊದಲ್ಲಿ ಇಬ್ಬರ ಮುಖವೂ ಸರಿಯಾಗಿ ಬರುವುದಿಲ್ಲವೆಂದು ಅವಳನ್ನು ಎದುರು ಗೋಡೆಗೆ ಕಳಿಸಿದೆ. ಬೇಡಕ್ಕ, ನಾವು ಯಾವಾಗಲೂ ಹೀಗೇ ಕೂರುವುದು ಎಂದು ಎರಡು ಸಲ ಬೇಡಿಕೊಂಡಳು. ನಾನು ಗದರಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಸದಾಶಿವಯ್ಯನವರು ಇಸ್ತ್ರಿ ಅಂಗಿ ತೊಟ್ಟು ಅವ್ವನ ಹಿಂದೆ ಬಂದು ನಿಂತರು. ಅವ್ವ ಒಂದು ಕಾಯಿ ಅಲ್ಲಾಡಿಸಿದಳು, ಮಧುಶ್ರೀಯ ಮುಖ ನೋಡಿದಳು, ಆಮೇಲೆ ಒಡೆಯುವ ರಾಶಿಗೆ ಹಾಕಿದಳು. ನೀರಿನ ಸದ್ದು ಅಷ್ಟು ದೂರದಲ್ಲಿದ್ದ ನನಗೇ ಕೇಳಿಸಿತ್ತು. ಎರಡನೆಯದೂ ಹಾಗೇ. ಸದಾಶಿವಯ್ಯನವರು ಅದನ್ನೆತ್ತಿ ಒಡೆದರು. ನೆಲದ ಮೇಲೆ ನೀರು ಹರಿಯಿತು. ಅವರು ಅವ್ವನ ಬೆನ್ನ ಹಿಂದೆ ನಿಂತು, “ರಂಗಕ್ಕಾ” ಎಂದರು. ಅವ್ವ ತಿರುಗಲಿಲ್ಲ.

ಮಧುಶ್ರೀ ಅಳುತ್ತಾ ಎಲ್ಲ ಹೇಳಿಬಿಟ್ಟಳು. ಅವ್ವನ ಕಿವಿ ಹೋಗಿ ಒಂದೂವರೆ ವರ್ಷವಾಗಿದೆ. ಅವ್ವ ಅಲ್ಲಾಡಿಸುತ್ತಾಳೆ, ಇವಳು ಕೇಳಿಸಿಕೊಳ್ಳುತ್ತಾಳೆ, ಒಣಗಿದ್ದರೆ ಮಂಡಿ ಒತ್ತುತ್ತಾಳೆ.

“ಕೇಳೋದು ಕಲಿಸಿದ್ದೇ ಅವ್ರು ಕಣಕ್ಕ,” ಎಂದಳು.

ಒಂದೂವರೆ ವರ್ಷದಿಂದ ಅವ್ವ ಫೋನಿನಲ್ಲಿ ಅರಚುತ್ತಿದ್ದಳು, ಕೇಳಿದ್ದಕ್ಕೊಂದು ಹೇಳಿದ್ದಕ್ಕೊಂದು ಮಾತಾಡುತ್ತಿದ್ದಳು. ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಡುತ್ತಿದ್ದೆ. ಊರಿಗೆ ಬಂದಾಗ ನನ್ನ ತುಟಿ ನೋಡಿಯೇ ತೂಗಿಸಿಕೊಂಡಿದ್ದಳು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಸದಾಶಿವಯ್ಯನವರು ಬೈಯಲಿಲ್ಲ. ಇನ್ನು ಮನೆಯಲ್ಲಿರು ರಂಗಕ್ಕ, ಹುಡುಗಿ ನೋಡಿಕೊಳ್ಳುತ್ತಾಳೆ ಎಂದು ಅವ್ವನ ಮುಖದ ಮುಂದೆ ಬಾಗಿ ಗಟ್ಟಿಯಾಗಿ ಹೇಳಿದರು. ನನ್ನ ಕಾಗದಕ್ಕೂ ಸಹಿ ಹಾಕಿದರು.

ದಾರಿಯಲ್ಲಿ ಅವ್ವ, “ಅಳಬ್ಯಾಡ ಬುಡು. ನನ್ ಕೆಲ್ಸ ಹೋಯ್ತು. ಅದುನ್ನ ಕಳ್ಸಿ ನೀನಾದ್ರೂ ಕೆಲ್ಸ ತಗಾ,” ಎಂದಳು.

ಕಳಿಸಿದೆ. ಅರ್ಜಿ ಕರೆದವರು ಹುಡುಕುತ್ತಿದ್ದುದೇ ಅದು. ಅಂಥ ವಿಡಿಯೊ ಬೇರೆ ಯಾರ ಬಳಿಯೂ ಇರಲಾರದು. ಹಿರಿಯರು ಸದ್ಯ ಅಲ್ಲೇ ಕೆಲಸದಲ್ಲಿದ್ದಾರೆಯೇ ಎಂಬ ಪ್ರಶ್ನೆಗೆ ಹೌದು ಎಂದು ಬರೆದೆ. ಅವರು ಸದಾಶಿವಯ್ಯನವರಿಗೆ ಫೋನ್ ಮಾಡಿ ವಿಚಾರಿಸಿದರು. ಆ ಪುಣ್ಯಾತ್ಮರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಮರುವಾರ ಎರಡು ಸಾಲಿನ ಮೇಲ್ ಬಂತು: ತಪ್ಪು ಮಾಹಿತಿಯ ಕಾರಣ ಅರ್ಜಿ ತಿರಸ್ಕೃತವಾಗಿದೆ.

ಊರಿಗೆ ಹೋದಾಗ ಅವ್ವ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಮಂಡಿಗೆ ಮಂಡಿ ತಾಗಿಸಿದಳು.

“ಕೆಲ್ಸ ಸಿಕ್ಕಿದ್ರೆ ಒತ್ತವ್ವ,” ಎಂದಳು.

ನಾನು ಒತ್ತಲಿಲ್ಲ. ಅವ್ವ ಬಹಳ ಹೊತ್ತು ಮಂಡಿ ತೆಗೆಯಲಿಲ್ಲ.